ನಟ್ಟನಡುವೆ ನಿಂತವನು

ಅಕ್ಟೋಬರ್ ಹೊತ್ತಿಗೆ ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳು ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತವೆ. ಕೊಯ್ಲಿನ ಯಂತ್ರ ಎಬ್ಬಿಸಿದ ಧೂಳು ರಸ್ತೆಯ ಮೇಲೆ ತೇಲುತ್ತಿರುತ್ತದೆ. ಆದರೆ ಅಮೆರಿಕನ್ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಏಮ್ಸ್ ಊರಿಗೆ ಬೇರೆಯದೇ ಬಣ್ಣ: ಕಡುಗೆಂಪು ಮತ್ತು ಹೊನ್ನು. ಅರವತ್ತು ಸಾವಿರ ಜನ ಹಿಡಿಸುವ ಅಲ್ಲಿನ ಕ್ರೀಡಾಂಗಣಕ್ಕೆ ಜ್ಯಾಕ್ ಟ್ರೈಸ್‌ನ ಹೆಸರಿದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಮೊದಲ ಕಪ್ಪು ಕ್ರೀಡಾಪಟು ಆತ. 1923ರಲ್ಲಿ ಮಿನೆಸೋಟ ಎದುರಿನ ಪಂದ್ಯದಲ್ಲಿ ಪೆಟ್ಟು ತಿಂದು ಎರಡೇ ದಿನಕ್ಕೆ ತೀರಿಕೊಂಡ. ಅವನ ಹೆಸರು ಹೊತ್ತ ಈ ಅಂಗಳದಲ್ಲಿ ರಕ್ಷಣೆಯ ಆಟ ನೋಡುವುದೇ ಒಂದು ಸೊಗಸು.

ಮೇಲಿನ ಸಾಲಿನಲ್ಲಿ ಕೂತು ನೋಡಿದರೆ ದಾಳಿಯ ತಂಡ ಬಲೆ ಹರವಿದಂತೆ ಕಾಣುತ್ತದೆ. ನಡುವೆ ಐವರು ದಾಂಡಿಗರು, ಅವರ ಹಿಂದೆ ನಾಲ್ಕೈದು ಗಜ ದೂರದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಪಕ್ಕದಲ್ಲಿ ಒಬ್ಬ ಓಟಗಾರ. ಎಸೆತ ಹಿಡಿಯುವ ಉಳಿದ ನಾಲ್ವರು ರಿಸೀವರ್‌ಗಳು ಐವತ್ಮೂರು ಗಜ ಅಗಲದ ಮೈದಾನದ ಅಂಚಿನವರೆಗೂ ಹರಡಿಕೊಂಡಿರುತ್ತಾರೆ. ಇದೇ ‘ಸ್ಪ್ರೆಡ್’. ಇಲ್ಲಿ ಆಯುಧವೆಂದರೆ ಬಯಲು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕಾದ ಆಟದಲ್ಲಿ ಎದುರಾಳಿಯನ್ನು ಚದುರಿಸಿದರೆ ದಾರಿ ತಾನಾಗಿ ತೆರೆಯುತ್ತದೆ.

ಇದರಲ್ಲಿ ನಿಜವಾಗಿ ನಲುಗುವವನು ರಕ್ಷಣೆಯ ನಡುಸಾಲಿನ ಲೈನ್‌ಬ್ಯಾಕರ್. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣನ್ನು ಮಾತ್ರ ಈ ಒಬ್ಬನ ಮೇಲೆ ನೆಟ್ಟಿರುತ್ತಾನೆ. ಇವನು ಓಟ ತಡೆಯಲು ಮುಂದೆ ಬಂದನೋ, ಚೆಂಡು ಇವನು ಬಿಟ್ಟುಬಂದ ಜಾಗಕ್ಕೇ ಹಾರುತ್ತದೆ. ಹಿಂದೆ ಸರಿದನೋ, ಓಟಗಾರ ನುಗ್ಗುತ್ತಾನೆ. ಏನು ಮಾಡಿದರೂ ತಪ್ಪೇ!

ಈ ತಲೆನೋವಿನ ಒಂದು ದೊಡ್ಡ ಬೇರು ಅಯೋವಾದಲ್ಲೇ ಇದೆ. ಅದೇ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿನ ಅಯೋವಾ ವೆಸ್ಲಿಯನ್ ಕಾಲೇಜಿನಲ್ಲಿ 1989ರಿಂದ ಮೂರು ವರ್ಷ ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ ಎಂಬ ಕೋಚ್‌ಗಳು ಎಸೆತವನ್ನೇ ನೆಚ್ಚಿದ ‘ಏರ್ ರೇಡ್’ ಆಟವನ್ನು ಹದಗೊಳಿಸಿದರು. ಲೀಚ್ ಅದನ್ನು ಟೆಕ್ಸಾಸ್ ಟೆಕ್‌ಗೆ ಒಯ್ದ ಮೇಲೆ ಬಿಗ್ 12 ಲೀಗಿನ ತಂಡಗಳ ಅಂಕಪಟ್ಟಿ ಉಬ್ಬುತ್ತಲೇ ಹೋಯಿತು. ಅದನ್ನು ತಡೆಯುವ ಒಂದು ಉಪಾಯವೂ ಕೊನೆಗೆ ಅಯೋವಾದಿಂದಲೇ ಬಂದದ್ದು ನನಗೆ ಬಹಳ ಹಿಡಿಸಿದ ಸಂಗತಿ.

2017ರ ಅಕ್ಟೋಬರ್ 7. ನಾರ್ಮನ್ ಊರಿನಲ್ಲಿ ಮೂರನೇ ಶ್ರೇಯಾಂಕದ ಒಕ್ಲಹೋಮಾ ಎದುರು ಅಯೋವಾ ಸ್ಟೇಟ್. ಎದುರಾಳಿ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯನ್ನು ಆ ವರ್ಷ ಗೆದ್ದವನು. ಅಯೋವಾ ಸ್ಟೇಟ್‌ನ ರಕ್ಷಣಾ ಕೋಚ್ ಜಾನ್ ಹೀಕಾಕ್ ಮುಂದಿನ ಸಾಲಿನಲ್ಲಿ ಮೂವರನ್ನಷ್ಟೇ ಇಟ್ಟು, ಹಿಂದೆ ಕೊನೆಯ ಕಾವಲಿನವರಾದ ಮೂವರು ಸೇಫ್ಟಿಗಳನ್ನು ನಿಲ್ಲಿಸಿದರು. ಒಕ್ಲಹೋಮಾ ಮೊದಲರ್ಧದಲ್ಲಿ 24 ಅಂಕ ಕಲೆಹಾಕಿತು. ಎರಡನೆಯ ಅರ್ಧದಲ್ಲಿ ಸಿಕ್ಕಿದ್ದು 7 ಮಾತ್ರ. ಅಯೋವಾ ಸ್ಟೇಟ್ 38–31ರಿಂದ ಗೆದ್ದಿತು. ಅದೇ ತಿಂಗಳ ಕೊನೆಗೆ ಏಮ್ಸ್‌ಗೆ ಬಂದ ನಾಲ್ಕನೇ ಶ್ರೇಯಾಂಕದ ಟೆಕ್ಸಾಸ್ ಕ್ರಿಶ್ಚಿಯನ್ ತಂಡ 14–7ರಿಂದ ಸೋತಿತು. ಆ ಏಳು ಅಂಕವೂ ಕಿಕ್ಆಫ್ ಚೆಂಡನ್ನು ಹಿಡಿದು ಓಡಿದ್ದರಿಂದ ಬಂದದ್ದು. ದಾಳಿಯಿಂದ ಒಂದೂ ಇಲ್ಲ.

ಈಗ ಆ ನಡುವಿನ ಸೇಫ್ಟಿಯನ್ನು ನೋಡಬೇಕು. ಚೆಂಡಿನಿಂದ ಹತ್ತು ಹನ್ನೆರಡು ಗಜ ಹಿಂದೆ, ನಟ್ಟನಡುವೆ, ಮೊಣಕಾಲು ಚೂರು ಬಗ್ಗಿಸಿ, ಕೈ ಇಳಿಬಿಟ್ಟು ನಿಂತಿದ್ದಾನೆ. ಎಡಬಲಕ್ಕೆ ಇನ್ನಿಬ್ಬರು ಸೇಫ್ಟಿಗಳು ಸೂರಿನ ಹಾಗೆ. ಉದ್ದದ ಎಸೆತ ಅವರ ತಲೆ ದಾಟಬಾರದು. ಮುಂದಿನ ಮೂವರು ಒಳಕ್ಕೆ ಒತ್ತಿ ನಿಂತು ನಡುವಿನ ಸಂದುಗಳನ್ನು ಮುಚ್ಚುತ್ತಾರೆ. ಚೆಂಡು ಹಿಂದಕ್ಕೆ ಬಂದ ಕೂಡಲೇ ಐವರು ದಾಂಡಿಗರ ಭಾರವೆಲ್ಲ ಈ ಮೂವರ ಎದೆಯ ಮೇಲೆ. ಅವರ ಹೆಸರು ಅಂಕಪಟ್ಟಿಯಲ್ಲಿ ಅಪರೂಪ. ಅವರು ಕುಸಿದರೆ ಮಾತ್ರ ಈ ವ್ಯೂಹವೇ ಉಳಿಯದು. ದಾರಿ ಕಾಣದ ಓಟಗಾರ ಪಕ್ಕಕ್ಕೆ ಹೊರಳುತ್ತಾನೆ. ಆ ಅರೆಕ್ಷಣದಲ್ಲಿ ನಡುವಿನವನು ಇಳಿಜಾರಿನಲ್ಲಿ ಬಿಟ್ಟ ಕಲ್ಲಿನಂತೆ ಧಾವಿಸಿ ಬಂದು ಅವನ ಸೊಂಟಕ್ಕೆ ಭುಜ ಕೊಡುತ್ತಾನೆ. ಎರಡೇ ಗಜ. ಎಸೆತವಾದರೆ ಅವನು ಹೆಜ್ಜೆ ಹಿಂದಿಟ್ಟು ನಡುವಣ ಬಯಲನ್ನು ಮುಚ್ಚುತ್ತಾನೆ. ಅಷ್ಟು ದೂರ ನಿಂತವನ ಮನಸ್ಸನ್ನು ಕ್ವಾರ್ಟರ್‌ಬ್ಯಾಕ್ ಮೊದಲೇ ಓದುವುದು ಹೇಗೆ?

ಇದೇನೂ ಸೋಲರಿಯದ ಕೋಟೆಯಲ್ಲ. ಮೂವರೇ ನುಗ್ಗುವುದರಿಂದ ಕ್ವಾರ್ಟರ್‌ಬ್ಯಾಕ್‌ಗೆ ಯೋಚಿಸಲು ಹೆಚ್ಚು ಹೊತ್ತು ಸಿಗುತ್ತದೆ. ತಾಳ್ಮೆಯಿಂದ ಐದೈದು ಗಜ ಓಡುವ ತಂಡ ಇದನ್ನು ಸವೆಸಬಹುದು. ಬೌಂಡರಿ ತಡೆದು ಒಂಟಿ ರನ್ ಬಿಟ್ಟುಕೊಡುವ ಕ್ಷೇತ್ರರಕ್ಷಣೆಯಂತೆ ಇದು: ನೀವು ಹತ್ತು ಬಾರಿ ತಪ್ಪಿಲ್ಲದೆ ಆಡಿ ತೋರಿಸಿ, ನಾವು ಕಾಯುತ್ತೇವೆ. ಅವಸರದ ಆಟವನ್ನು ಹೀಗೆ ನಿಧಾನಕ್ಕೆ ಎಳೆಯುವುದು ಹೇಡಿತನವೆಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಬಯಲಿನಲ್ಲಿ ಒಂಟಿಯಾಗಿ ನಿಂತು, ಎದುರಿಗೆ ಪೂರ್ತಿ ವೇಗದಲ್ಲಿ ಬರುವವನನ್ನು ಒಂದೇ ಹಿಡಿತಕ್ಕೆ ಕೆಡಹುವುದಕ್ಕೆ ಗುಂಡಿಗೆ ಬೇಕು.

ಟೀವಿಯ ಕ್ಯಾಮರಾ ಚೆಂಡಿನ ಹಿಂದೆಯೇ ಓಡುತ್ತದೆ. ಹಿಂದೆ ನಿಂತ ಸೇಫ್ಟಿಗಳು ಬಹುಪಾಲು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಎಂದಾದರೂ ಅಮೆರಿಕದ ಕಾಲೇಜು ಫುಟ್‌ಬಾಲ್ ಅನ್ನು ಅಂಗಳದಲ್ಲೇ ಕೂತು ನೋಡುವ ಅವಕಾಶ ಸಿಕ್ಕರೆ, ಮೇಲಿನ ಸಾಲಿನ ಟಿಕೆಟ್ಟನ್ನೇ ಕೊಳ್ಳಿ. ಮೊದಲ ಐದು ನಿಮಿಷ ಚೆಂಡನ್ನು ಮರೆತು ನಡುವೆ ನಿಂತ ಆ ಒಬ್ಬನ ಕಾಲುಗಳನ್ನೇ ನೋಡಿ.