ದೊಡ್ಡತೋಗೂರಿನ ಬಾಡಿಗೆಗೂ ರಸ್ತೆಯ ಅಗಲಕ್ಕೂ ಏನು ಸಂಬಂಧ?

ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡ್ ದಾಟಿದರೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರ. ಒಳಗೆ ಗಾಜಿನ ಕಟ್ಟಡ, ಅಗಲ ರಸ್ತೆ. ಹೊರಗೆ ಹಳ್ಳಿಯ ಓಣಿ, ಎರಡೂ ಬದಿಗೆ ಒತ್ತೊತ್ತಾಗಿ ಪಿಜಿ ಮತ್ತು ಸಿಂಗಲ್ ರೂಮ್‌ಗಳು. ಸೆಕ್ಯುರಿಟಿಯವರು, ಕ್ಯಾಂಟೀನ್‌ನವರು, ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇರೋದು ಇಲ್ಲೇ. 30-40 ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಐದಂತಸ್ತು ಕಟ್ಟಲು ನಿಯಮದಲ್ಲಿ ಅವಕಾಶ ಇಲ್ಲ. ಆದರೂ ಕಟ್ತಾರೆ.

ಮಾಲೀಕರ ದುರಾಸೆ ಅಂದುಬಿಡೋದು ಸುಲಭ. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಒಪ್ಪೋಕೆ ಮನಸ್ಸು ಬರಲ್ಲ.

ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋದೇ ಎಫ್‌ಎಆರ್. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ನಲ್ಲಿ ಇದು ಸೈಟಿನ ಗಾತ್ರ ಮತ್ತು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಚಿಕ್ಕ ಸೈಟು, ಚಿಕ್ಕ ರಸ್ತೆಗೆ 1.75. ಎಕರೆಗಟ್ಟಲೆ ಜಾಗ, ನೂರಡಿ ರಸ್ತೆ ಇದ್ದರೆ 3.25ರವರೆಗೆ.

ಉದಾಹರಣೆಗೆ, ಜಾಗದ ಬೆಲೆ ಚದರಡಿಗೆ 6,000 ರೂಪಾಯಿ ಅಂತಿಟ್ಟುಕೊಳ್ಳಿ. 1,200 ಚದರಡಿಗೆ 72 ಲಕ್ಷ. ನಿಯಮದಂತೆ 2,100 ಚದರಡಿ ಕಟ್ಟಬಹುದು. ಅಂದ್ರೆ 300 ಚದರಡಿಯ ಒಂದು ರೂಮಿನ ತಲೆ ಮೇಲೆ ಜಾಗದ ಖರ್ಚೇ ಹತ್ತು ಲಕ್ಷ ದಾಟುತ್ತೆ. ನಿಯಮ ಮುರಿದು 4,500 ಚದರಡಿ ಕಟ್ಟಿದರೆ ಅದೇ ಖರ್ಚು 4.8 ಲಕ್ಷಕ್ಕೆ ಇಳಿಯುತ್ತೆ. ಸಿಮೆಂಟು, ಕಬ್ಬಿಣ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇನ್ನೊಂದು ಕಡೆ 3.25 ಸಿಗುವ ಬಿಲ್ಡರ್‌ಗೆ ಅದೇ ಬೆಲೆಯ ಜಾಗದಲ್ಲಿ 300 ಚದರಡಿಗೆ ಬೀಳೋದು ಸುಮಾರು 5.5 ಲಕ್ಷ. (ಮುಖ್ಯರಸ್ತೆಯ ಜಾಗ ದುಬಾರಿ ಅನ್ನೋದು ನಿಜ.) ಆದರೆ ಅವನು ಕಟ್ಟೋದು ಈಜುಕೊಳ ಇರುವ ಮೂರು ಬೆಡ್‌ರೂಮಿನ ಫ್ಲಾಟು, ಸೆಕ್ಯುರಿಟಿಯವರಿಗೆ ರೂಮಲ್ಲ.

ಅಗ್ಗದ ಬಾಡಿಗೆ ಕಾನೂನಿನ ಒಳಗೆ ಹುಟ್ಟೋದೇ ಕಷ್ಟ. ಹೊರಗೆ ಹುಟ್ಟಿದ್ದಕ್ಕೆ ಬೇರೆ ಥರದ ಬೆಲೆ ಕಟ್ಟಬೇಕು. ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಮರುವರ್ಷ ಬೆಸ್ಕಾಂ ಹೊಸ ಸಂಪರ್ಕಕ್ಕೆ ತಡೆ ಹಾಕಿತು. ಚಿಕ್ಕ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟರೂ ಐದಂತಸ್ತಿನ ಬಾಡಿಗೆ ಕಟ್ಟಡ ಅದರೊಳಗೆ ಬರಲ್ಲ. ನಾಳೆ ನೋಟಿಸ್ ಬಂದರೆ ಮಾಲೀಕ ವಕೀಲರನ್ನು ಹಿಡೀತಾನೆ. ಅಡ್ವಾನ್ಸ್ ವಾಪಸ್ ಸಿಗದೆ ಗಂಟುಮೂಟೆ ಕಟ್ಟೋದು ಬಾಡಿಗೆದಾರ.

ಇದು ಎಫ್‌ಎಆರ್ ಒಂದರ ಕಥೆಯಲ್ಲ. ನಕ್ಷೆಯಲ್ಲಿ ಪೀಣ್ಯಕ್ಕೆ ಕೈಗಾರಿಕಾ ಬಣ್ಣ ಬಳಿದರು, ಅಲ್ಲಿ ದುಡಿಯುವವರು ಎಲ್ಲಿ ಮಲಗಬೇಕು ಅನ್ನೋದಕ್ಕೆ ಬಣ್ಣ ಉಳಿದಿರಲಿಲ್ಲ. ಅವರಿಗೆ ಲಗ್ಗೆರೆ, ಹೆಗ್ಗನಹಳ್ಳಿ ತಾವಾಗಿಯೇ ಬೆಳೆದವು. ವೈಟ್‌ಫೀಲ್ಡ್ ಸುತ್ತ ಭೂಪರಿವರ್ತನೆ ಆಗದ ಹೊಲಗಳು ರೆವಿನ್ಯೂ ಸೈಟಾಗಿ ಹಂಚಿಹೋದವು. 2007ರಲ್ಲಿ ಬಿಬಿಎಂಪಿ ರಚನೆಯಾಗಿ 110 ಹಳ್ಳಿಗಳು ನಗರಕ್ಕೆ ಸೇರಿದಾಗ ಇಂಥ ಎಷ್ಟೋ ಸೈಟುಗಳು ‘ಬಿ’ ಖಾತಾ ಪುಸ್ತಕಕ್ಕೆ ಹೋದವು. ‘ಬಿ’ ಖಾತಾ ಅಂದರೆ ಹೆಚ್ಚಿನ ಬ್ಯಾಂಕ್‌ಗಳು ಸಾಲ ಕೊಡಲ್ಲ. ಕೈಸಾಲ, ಬಡ್ಡಿ ಸಾಲವೇ ಗತಿ.

ಹಾಗಂತ ನಿಯಮ ಕಿತ್ತುಹಾಕಿ ಅನ್ನೋ ಬಿಲ್ಡರ್ ವಾದ ನನ್ನದಲ್ಲ. ಹತ್ತಡಿ ಓಣಿಗೆ ಅಗ್ನಿಶಾಮಕ ವಾಹನ ಹೋಗಲ್ಲ. 2007ರಲ್ಲಿ ಸೇರಿಸಿಕೊಂಡ ಆ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದೇ 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರ್. ನೀರಿಲ್ಲದ ಕಡೆ ಮಹಡಿ ಏರಿಸಿದರೆ ಉಳಿಸಿದ ಬಾಡಿಗೆಯನ್ನು ಟ್ಯಾಂಕರ್‌ನವನು ತಗೊಂಡು ಹೋಗ್ತಾನೆ. ನನ್ನ ತಕರಾರು ಕ್ರಮದ ಬಗ್ಗೆ: ಮೊದಲು ಕಂಪನಿ, ಆಮೇಲೆ ಜನ, ಕೊನೆಗೆ ರಸ್ತೆ ಮತ್ತು ಪೈಪು. ಹೊಲ ಹೊಲವಾಗಿಯೇ ಇದ್ದಾಗ ನಲವತ್ತಡಿ ರಸ್ತೆ ಗುರುತು ಮಾಡೋದು ಅಗ್ಗ. ಮನೆ ಎದ್ದ ಮೇಲೆ ಒಡೀಬೇಕು, ಪರಿಹಾರ ಕೊಡಬೇಕು, ಕೋರ್ಟ್ ಅಲೀಬೇಕು.

2031ರ ಕರಡು ಮಾಸ್ಟರ್ ಪ್ಲಾನ್ 2017ರಲ್ಲಿ ಬಂದು ಕೊನೆಗೆ ಬಿದ್ದುಹೋಯಿತು. ಊರು ಇಂದಿಗೂ 2007ರಲ್ಲಿ ಒಪ್ಪಿಗೆಯಾದ ನಕ್ಷೆಯ ಮೇಲೆ ನಡೀತಿದೆ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಬಂದವು. ಹೊಸ ನಕ್ಷೆ ಬಂದ ದಿನ ನಾನು ಮೆಟ್ರೋ ಗೆರೆ ನೋಡೋದು ಆಮೇಲೆ. ಮೊದಲು ನೋಡೋದು, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದ ಪಕ್ಕದಲ್ಲಿ 300 ಚದರಡಿ ಬಾಡಿಗೆ ಮನೆಗೆ ಎಲ್ಲಾದರೂ ಜಾಗ ಗುರುತಿಸಿದ್ದಾರಾ ಅಂತ.