ಕ್ಯಾಮೆರಾ ಆಫ್ ಮಾಡಿದವರೆಲ್ಲ ಮಲಗಿದ್ದರೇ?

'ಕೊರೊನಾ ಬ್ಯಾಚಾ? ಕ್ಯಾಮೆರಾ ಆಫ್ ಮಾಡಿ ಮಲಗಿದ್ದವರು ಬಿಡ್ರಿ' – ಈ ಮಾತು ಹದಡಿಯಂಥ ಹಳ್ಳಿಯಲ್ಲೂ ಕೇಳುತ್ತೇನೆ, ದಾವಣಗೆರೆ, ಹರಿಹರದ ಮದುವೆ ಮನೆಗಳಲ್ಲೂ ಕೇಳುತ್ತೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಕಾಲೇಜು ಮುಚ್ಚಿ ಆನ್‌ಲೈನ್ ಪಾಠ ನಡೆದ ಆ ಕೊರೊನಾ ದಿನಗಳ ಲೆಕ್ಕ ಹಾಕಿ ನೋಡಿ. ಹಳ್ಳಿಯ ಡಿಗ್ರಿ ಹುಡುಗರು ಸಾಮಾನ್ಯವಾಗಿ ಹಾಕಿಸುತ್ತಿದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್. ಜೂಮ್‌ನಲ್ಲೋ ಗೂಗಲ್ ಮೀಟ್‌ನಲ್ಲೋ ವಿಡಿಯೊ ಹಾಕಿಕೊಂಡು ಕೂತರೆ ಗಂಟೆಗೆ ಅರ್ಧದಿಂದ ಒಂದು ಜಿಬಿ ಖರ್ಚು. ಎರಡು ಮೂರು ಕ್ಲಾಸಿಗೆ ಪ್ಯಾಕ್ ಮುಗಿಯಿತು. ಆಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದರೆ ಪಾಠದ ಮಾತು ಹಾಗಿರಲಿ, ವಾಟ್ಸಾಪ್‌ನ ಒಂದು ಫೋಟೊ ತೆರೆಯಲಿಕ್ಕೂ ಕಾಯಬೇಕು. ಕ್ಯಾಮೆರಾ ಆಫ್ ಮಾಡಿದ ಹುಡುಗ ಮಧ್ಯಾಹ್ನದ ಕ್ಲಾಸಿಗೆ ಡೇಟಾ ಉಳಿಸುತ್ತಿದ್ದ.

ಅದೂ ಫೋನ್ ಕೈಯಲ್ಲಿದ್ದರೆ! ಮನೆಗೊಂದೇ ಫೋನ್ ಇದ್ದ ಕಡೆ, ಅಪ್ಪ ಮೆಕ್ಕೆಜೋಳ ಬಿತ್ತಲು ಹೊರಟರೆ ಫೋನೂ ಅವರ ಜೇಬಿನಲ್ಲೇ ಹೊಲಕ್ಕೆ ಹೋಗುತ್ತಿತ್ತು. ಹುಡುಗಿಯರ ಪಾಡು ಇನ್ನೂ ಕಷ್ಟ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ರೊಟ್ಟಿ ತಟ್ಟುತ್ತಲೇ 'ಪ್ರೆಸೆಂಟ್ ಸರ್' ಅನ್ನಬೇಕು. ಅವಳು ಕ್ಯಾಮೆರಾ ಹಾಕಲಿಲ್ಲವೆಂದು ಬೈಯಬೇಕೇ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್‌ನೆಟ್ ಇದ್ದದ್ದು ಶೇ 14.9ರಲ್ಲಿ ಮಾತ್ರ.

'ಈಗಿನ ಹುಡುಗರಿಗೆ ಮೊಬೈಲ್ ಕಲಿಸಬೇಕಾ?' ಎನ್ನುವವರು ಅಂಗೈ ಅಗಲದ ಪರದೆಯಲ್ಲಿ ಬಿ.ಕಾಂ. ಲೆಡ್ಜರ್ ಒಮ್ಮೆ ಓದಿ ನೋಡಲಿ. 'ಪರೀಕ್ಷೆ ಬರೆಯದೆ ಪಾಸಾದವರು' ಎಂಬುದು ಇನ್ನೊಂದು ಚುಚ್ಚುಮಾತು. 2020ರ ಅಂತಿಮ ವರ್ಷದವರಿಗೆ ಪರೀಕ್ಷೆ ಆಗಲೇಬೇಕು ಎಂಬ ಯುಜಿಸಿ ನಿಲುವನ್ನು ಆ ವರ್ಷದ ಆಗಸ್ಟ್ 28ರಂದು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆನ್‌ಲೈನ್ ಪಾಠವೇ ದಂಡ ಎನ್ನುವುದೂ ತಪ್ಪು: ರೆಕಾರ್ಡ್ ಮಾಡಿದ ಆಡಿಯೊ, ನೆಟ್ಟಗಿನ ನೋಟ್ಸ್, ಸಂದೇಹ ಕೇಳಲು ಸಂಜೆ ಒಂದು ಗಂಟೆ ಸಿಕ್ಕಿದ್ದರೆ ಬಿ.ಎ., ಬಿ.ಕಾಂ. ಹುಡುಗರಿಗೆ ಬಹಳಷ್ಟು ಸಾಗುತ್ತಿತ್ತು. ಬಿ.ಎಸ್ಸಿ.ಯವರ ಲ್ಯಾಬ್‌ಗೆ ಮಾತ್ರ ಪರ್ಯಾಯ ಇರಲಿಲ್ಲ.

ಯಾರೋ ಕಳಿಸಿದ್ದನ್ನು ಯೋಚಿಸದೆ ಮುಂದೆ ತಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. 2021ರಲ್ಲಿ '5ಜಿ ಟವರ್‌ನಿಂದಲೇ ಕೊರೊನಾ' ಎಂಬ ಸಂದೇಶ ಊರೂರು ಸುತ್ತಿತು. ನಮ್ಮ ದೇಶದಲ್ಲಿ 5ಜಿ ಸೇವೆ ಶುರುವಾದದ್ದೇ 2022ರ ಅಕ್ಟೋಬರ್ 1ರಂದು. ಅದನ್ನು ನಂಬಿದಷ್ಟೇ ಸಲೀಸಾಗಿ ಒಂದು ಇಡೀ ತಲೆಮಾರನ್ನು ಸೋಮಾರಿ ಎಂದೂ ನಂಬಿದೆವು.

ಆ ಬ್ಯಾಚಿನವರು ಕೆಲಸ ಕೇಳಿಕೊಂಡು ಬಂದರೆ ಅಂಕಪಟ್ಟಿಯ ಇಸವಿ ನೋಡಿ ವಾಪಸ್ ಕಳಿಸಬೇಡಿ. ವಿಷಯ ಕೇಳಿ, ಕೆಲಸ ಮಾಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.