ದುಡಿಮೆ ಕಂಪನಿಗೆ, ಸಂಬಳ ಏಜೆನ್ಸಿಯಿಂದ

ಗದಗ ಜಿಲ್ಲೆಯ ಬೆಳವಣಕಿಯ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ, ಜೋಳದ ರಾಶಿ ಮುಗಿದರೆ ಕೈಗೆ ಕೆಲಸ ಕಡಿಮೆ. ರೋಣ, ಗಜೇಂದ್ರಗಡ, ನರಗುಂದದ ಕಡೆಯವರು ಗೋವಾ, ಮಂಗಳೂರಿಗೆ ಗುಳೆ ಹೋಗುವುದು ಹೊಸದಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಈಗ ಬೆಂಗಳೂರು ಸುತ್ತಲಿನ ಕಾರ್ಖಾನೆ, ಗೋದಾಮುಗಳ ದಾರಿಯೂ ಇದೆ. ಅಲ್ಲಿ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಬಹಳ ಸಲ ಕಂಪನಿಯಲ್ಲ, ಕಾರ್ಮಿಕರನ್ನು ಪೂರೈಸುವ ಏಜೆನ್ಸಿ.

ಸಂಬಳ ಕಡಿಮೆ ಬಂದಾಗ ಯಾರನ್ನು ಕೇಳಬೇಕು? ಸೂಪರ್‌ವೈಸರ್ ಏಜೆನ್ಸಿಯತ್ತ ಬೆರಳು ತೋರಿಸುತ್ತಾನೆ, ಏಜೆನ್ಸಿ ಕಂಪನಿಯ ಹಾಜರಿ ಲೆಕ್ಕದತ್ತ.

ಈ ಅಲೆದಾಟ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ತೋರಿಸಿತು. ಆ್ಯಪಲ್ ಐಫೋನ್‌ಗಳನ್ನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಗಾಜುಗಳು ಪುಡಿಯಾದವು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಆಸ್ತಿ ಸುಡುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿನ ತಿಂಗಳುಗಳನ್ನೂ ನೋಡಬೇಕು. ಎಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಎಂದು ಹೇಳಿ ಕೊನೆಗೆ 12,000 ಕೊಟ್ಟರು ಎಂದು ಕಾರ್ಮಿಕರು ದೂರಿದರು. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಏರಿತ್ತು. ಓಟಿ ಲೆಕ್ಕ ಸರಿಯಿರಲಿಲ್ಲ. ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ ಸುಮಾರು 5,000ದಿಂದ 10,500ಕ್ಕೆ ಬೆಳೆದರೂ ಅದನ್ನು ನಿಭಾಯಿಸುವ ವ್ಯವಸ್ಥೆ ಬೆಳೆದಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆ ಹೇಳಿತು. ಅವರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಕಾಯಂ ನೌಕರರು ಸುಮಾರು 1,300 ಮಾತ್ರ.

ಒಂದು ವಾರದಲ್ಲೇ ಆ್ಯಪಲ್ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಒಪ್ಪಿ ವಿಸ್ಟ್ರಾನ್ ಕ್ಷಮೆ ಕೇಳಿತು. 2023ರಲ್ಲಿ ಕಾರ್ಖಾನೆ ಟಾಟಾ ಕೈ ಸೇರಿತು.

ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕಿತ್ತು. ಗುತ್ತಿಗೆದಾರ, ಅಂದರೆ ಏಜೆನ್ಸಿ, ಸಂಬಳ ಕೊಡದಿದ್ದರೆ ಮೂಲ ಮಾಲೀಕನಾದ ಕಂಪನಿಯೇ ಕೊಟ್ಟು, ಆ ಹಣವನ್ನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಈ ಹೊಣೆಯನ್ನು ಉಳಿಸಿಕೊಂಡಿವೆ. ಆದರೆ ಗುತ್ತಿಗೆ ನಿಯಮಗಳು ಮೊದಲು 20 ಮಂದಿ ಇದ್ದಲ್ಲಿ ಅನ್ವಯಿಸುತ್ತಿದ್ದವು, ಈಗ 50 ಮಂದಿ ಇರಬೇಕು. ಸಣ್ಣ ಗೋದಾಮಿನಲ್ಲಿ ಮೂಟೆ ಹೊರುವವರ ಪಾಲಿಗೆ ಇದು ನಷ್ಟವೇ.

ಒಂದು ಒಳ್ಳೆಯ ಅಂಶವೂ ಇದೆ: ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ಊರಿನಿಂದ ಮಕ್ಕಳನ್ನು ಕಳಿಸುವ ತಂದೆತಾಯಂದಿರು ಆ ಪತ್ರವನ್ನು ಕೇಳಿ ಪಡೆಯಲು ಹೇಳಬೇಕು. ಮಕ್ಕಳು ಅದರಲ್ಲಿ ಮಾಲೀಕರ ಹೆಸರು, ಸಂಬಳ ನೋಡಿಕೊಳ್ಳಲಿ. ಪ್ರತಿ ತಿಂಗಳು ಪೇ ಸ್ಲಿಪ್ ಇಟ್ಟುಕೊಳ್ಳಲಿ, ಪಿಎಫ್, ಇಎಸ್‌ಐ ಕಡಿತವಾದರೆ ಖಾತೆಗೆ ಜಮೆಯಾಗಿದೆಯೇ ಎಂದು ಪರೀಕ್ಷಿಸಲಿ. ವ್ಯತ್ಯಾಸ ಕಂಡರೆ ತಡ ಮಾಡದೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಲಿ.